ಎರಡರಲ್ಲೂ ಮಾನವ ಇದ್ದಾನಂತೆ

ಮಾನ್ಯ ಕುಲಪತಿಗಳೇ,

ಮಾನವಶಾಸ್ತ್ರ ವಿಭಾಗವನ್ನು ಮಾನವ ಸಂಪನ್ಮೂಲ ವಿಭಾಗದೊಳಗೆ ವಿಲೀನಗೊಳಿಸಿದ್ದೀರಿ. ಹೀಗೇಕೆ ಎಂದು ತಮ್ಮ ಕಚೇರಿಯಲ್ಲಿ ವಿಚಾರಿಸಿದೆ. "ಎರಡರಲ್ಲೂ ಮಾನವ ಇದ್ದಾನಲ್ಲ ಮೇಡಂ," ಎಂದರು ಗುಮಾಸ್ತರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ? ಆ ವಿಭಾಗದ ಬೆಂಚಿನ ಮೇಲೆ ಕೂತು ಓದಿದವರು ತಾವು. ಪಾಠ ಹೇಳಿದವಳು ನಾನು.

ಈ ವಿದ್ಯೆ ನಮ್ಮಲ್ಲಿಗೆ ಬಂದದ್ದು ತಲೆಬುರುಡೆ ಅಳೆಯುವ ಇಕ್ಕಳದ ಜೊತೆಗೆ. ಹೊರಗಿನವರು ಬಂದರು, ಜನರನ್ನು ಸಾಲಾಗಿ ನಿಲ್ಲಿಸಿ ಅಳೆದರು, ತಮ್ಮ ಭಾಷೆಯಲ್ಲಿ ಬರೆದುಕೊಂಡು ಹೋದರು. ಆ ಇಕ್ಕಳವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನಮ್ಮ ಮಾತಿನಲ್ಲೇ ಪಾಠ ಶುರುಮಾಡಲು ನಾವು ಪಟ್ಟ ಪಾಡು ತಮಗೆ ಗೊತ್ತು. ಮೊದಲ ಪಾಠ ನೆನಪಿದೆಯೇ? ಹೋದ ಮನೆಯಲ್ಲಿ ಪ್ರಶ್ನೆ ಕೇಳುವ ಮೊದಲು, ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕೆ ಕಿವಿಗೊಡಿ. 'ಸಾರ್' ಎಂದರೆ ಇನ್ನೂ ಹೊಸ್ತಿಲಾಚೆ ಇದ್ದೀರಿ. ನಂಟು ಹಿಡಿದು ಕರೆದರೆ ಒಳಗೆ ಬಂದಿರಿ. ಇನ್ನು ಆ ನಂಟಿನ ಜವಾಬ್ದಾರಿಯೂ ನಿಮ್ಮದೇ.

ನಾವು ಕ್ಷೇತ್ರಕಾರ್ಯಕ್ಕೆ ಹೋಗಿದ್ದ ಗುಡ್ಡದ ಮೇಲಿನ ಕೇರಿಯಲ್ಲಿ ಬಿದಿರು ಸೀಳುತ್ತ ಕೂತಿದ್ದ ಅಜ್ಜಿ ಬಹುಬೇಗ ತಮ್ಮನ್ನು 'ಮೊಮ್ಮಗ' ಎಂದಳು. ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿ ಒಮ್ಮೆ ಕೇಳಿದಳು: "ನೀವು ನಮ್ಮನ್ನ ಇಷ್ಟೆಲ್ಲ ಕೇಳ್ತೀರಲ್ಲ, ನಿಮ್ಮನ್ನ ಕೇಳೋರು ಯಾರೂ ಇಲ್ವಾ?" ತಾವು ಥಟ್ಟನೆ ಹೇಳಿದಿರಿ: "ಮುಂದೆ ನಿನ್ನ ಮೊಮ್ಮಗಳು ಓದಿ ಬಂದು ಕೇಳ್ತಾಳೆ ಬಿಡಜ್ಜಿ. ನಾನೇ ಕೂತು ಉತ್ತರ ಹೇಳ್ತೀನಿ." ಅಜ್ಜಿ ಬಾಯ್ತುಂಬ ನಕ್ಕಳು. ನನಗೋ ಹಿಡಿಸಲಾರದಷ್ಟು ಹೆಮ್ಮೆ. ನಿವೃತ್ತಳಾಗುವವರೆಗೂ ಆ ಮಾತನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದೆ.

ಅಜ್ಜಿ ಈಗಿಲ್ಲ. ಆದರೆ ತಮ್ಮ ಮಾತನ್ನು ಮೊಮ್ಮಗಳಿಗೆ ಹೇಳಿಯೇ ಹೋಗಿದ್ದಾಳೆ. ಆ ಹುಡುಗಿ ಪದವಿ ಮುಗಿಸಿ ಮಾನವಶಾಸ್ತ್ರಕ್ಕೆ ಅರ್ಜಿ ಹಾಕಿದಳು. ತಾವು ಮಾನವ ಸಂಪನ್ಮೂಲದಲ್ಲಿ ಸೀಟು ಕೊಟ್ಟಿರಿ. ಹೋದ ವಾರ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದಳು: "ನೆಲದಡಿ ಇರೋ ಅದಿರಿಗೂ ಸಂಪನ್ಮೂಲ ಅಂತಾರಲ್ವಾ ಮೇಡಂ? ಹಂಗಾದ್ರೆ ಇನ್ನು ನಮ್ಮನ್ನೂ ಅಗೀತಾರಾ?"

ಏನು ಹೇಳಲಿ? ಆ ಜನರನ್ನು ನಾವು ಕೇಳುತ್ತಿದ್ದಷ್ಟು ಕಾಲ ಬೇಕಾಗಿದ್ದ ವಿಭಾಗ, ಅವರೇ ಕೇಳಲು ಬಂದ ವರ್ಷ ಬೇಡವಾಯಿತೇ? ಬೇರೆ ಯಾರಾದರೂ ಮುಚ್ಚಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ತಾವೇ ಮುಚ್ಚಿದ್ದನ್ನು ನನಗೆ ನುಂಗಲಾಗುತ್ತಿಲ್ಲ. ನಂಬಿ ಕೆಟ್ಟೆ ಎಂದು ಬರೆಯಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ವಿಲೀನದ ಆದೇಶ ಹಿಂತೆಗೆದುಕೊಳ್ಳಿ, ಅವಳು ಕೇಳಿದ ಸೀಟನ್ನೇ ಕೊಡಿ. ಆಗದು ಎಂದಾದರೆ ಗುಮಾಸ್ತರ ಕೈಲಿ ಹೇಳಿಸಬೇಡಿ. ಅವಳನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು ತಾವೇ ಹೇಳಿ. ಅಜ್ಜಿ ಕರೆದ ಲೆಕ್ಕದಲ್ಲಿ ಅವಳು ತಮಗೆ ತಂಗಿಯಾಗಬೇಕು.

ಇಂತಿ,
ಸಂಪನ್ಮೂಲವಾಗುವ ವಯಸ್ಸು ಮೀರಿದ
ತಮ್ಮ ಹಳೆಯ ಮೇಡಂ