ಬಾಳೆಹಣ್ಣಿನ ವೇಷದ ಮಿಡತೆ

ಮಕ್ಕಳ ಆಹಾರದ ಡಬ್ಬಿಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಏಳು ತಿಂಗಳ ಮಗ ಶೆಲ್ಡನ್‌ಗೆ ನಾನೇ ಕೈಯಾರೆ ಮಿಡತೆ ತಿನ್ನಿಸಿದ್ದೇನೆ. ಅದು ಮಿಡತೆ ಎಂದು ಯಾರೂ ಹೇಳಲಿಲ್ಲ ಎಂಬುದೇ ನನ್ನ ದೂರು. ಡಬ್ಬಿಯ ಮೇಲೆ ಹೇಳಿದ್ದಾರಂತೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, ಲ್ಯಾಟಿನ್ನಿನಲ್ಲಿ! ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟ ನಾನು ಅದನ್ನು ಯಾವುದೋ ವಿಟಮಿನ್ ಅಂದುಕೊಂಡೆ. ಮುಂಭಾಗದಲ್ಲಿದ್ದದ್ದು ಬಾಳೆಹಣ್ಣಿನ ಚಿತ್ರ. ಅದು ನಗುತ್ತಿತ್ತು. ಯಾಕೆಂದು ಈಗ ಗೊತ್ತಾಯಿತು.

ನಾನು ಮೊದಲೇ ಹೆದರುಪುಕ್ಕಲಿ. ಶೆಲ್ಡನ್‌ಗೆ ಮಣ್ಣಿ ಮಾಡಲಿಕ್ಕೆಂದು ಅತ್ತೆ ಊರಿನಿಂದ ರಾಗಿಹುಡಿ ಕಳಿಸಿದ್ದರು. ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕುದಿಸಿದ ಆ ಮಣ್ಣಿಯೇ ನಮ್ಮ ಕಡೆ ಮಗುವಿನ ಮೊದಲ ಊಟ. ಹುಡಿಯಲ್ಲಿ ಎರಡು ಹುಳ ಕಂಡವು. ಅಯ್ಯೋ, ಮಗುವಿನ ಹೊಟ್ಟೆಗೆ ಹುಳವೇ ಎಂದು ಅಷ್ಟನ್ನೂ ಈ ಪರದೇಶದಲ್ಲಿ ನಾವಿರುವ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಕಸದ ತೊಟ್ಟಿಗೆ ಸುರಿದು, ತಮ್ಮ ಮುದ್ರೆಯ ಮೇಲೆ ಭಾರ ಹಾಕಿ ಆ ಡಬ್ಬಿ ತಂದೆ.

ನಾಲ್ಕು ಚಮಚ ಹೋಗುವುದರೊಳಗೆ ಮಗುವಿನ ತುಟಿ ಊದಿತು. ಪಕ್ಕದ ಮನೆಯ ನರ್ಸ್ ಸ್ಟೇಸಿ ಓಡಿಬಂದು ಡಬ್ಬಿ ತಿರುಗಿಸಿ ನೋಡಿದಳು.

"ವೆಲಿಟಕ್ಕಾ, ಇದು ಮಿಡತೆ ಹುಡಿ ಮಾರಾಯ್ರೆ! ನಿಮ್ಮ ಆನ್ಸೆಲ್ಮಣ್ಣನಿಗೆ ಸಿಗಡಿ ಆಗುದಿಲ್ಲ ಅಲ್ವಾ? ಸಿಗಡಿ ಆಗದವರಿಗೆ ಇದೂ ಆಗ್ಲಿಕ್ಕಿಲ್ಲ. ಮಗು ಅಪ್ಪನ ಹಾಗೇ ಇರ್ಬೇಕು. ಆಸ್ಪತ್ರೆಗೆ ಹೊರಡಿ, ಯಲ್ಲಾ, ಬೇಗ ಬೇಗ!"

ಟ್ಯಾಕ್ಸಿಯಲ್ಲಿ ನನ್ನ ಗಂಡ ಆನ್ಸೆಲ್ಮ್ ಕೇಳಿದರು: "ಎರಡು ಹುಳಕ್ಕೆ ಅಮ್ಮನ ರಾಗಿ ಬಿಸಾಡಿದಿಯಲ್ಲ ಮಾರಾಯ್ತಿ, ಈ ಡಬ್ಬಿಯಲ್ಲಿ ಎಷ್ಟುಂಟು?"

ಉತ್ತರ ತಮಗೇ ಗೊತ್ತಿರಬೇಕು.

ಇಂಜೆಕ್ಷನ್ ಕೊಟ್ಟ ಮೇಲೆ ಮಗು ಉಳಿಯಿತು. ಮಿಡತೆಯಲ್ಲಿ ಪ್ರೋಟೀನು, ಕಬ್ಬಿಣ ಎಲ್ಲ ಧಾರಾಳ ಎಂದು ಡಾಕ್ಟರೇ ಹೇಳಿದರು. ಒಪ್ಪಿದೆ. ಏಡಿಯ ಕಾಲು ಚೀಪುವ ನಾವು ಮಿಡತೆಯ ಕಾಲಿಗೆ ಮೂಗು ಮುರಿಯುವುದು ಯಾವ ಮುಖದಲ್ಲಿ? ಆದರೆ ಸ್ವಾಮಿ, ಏಡಿ ನಮ್ಮ ಬಟ್ಟಲಿಗೆ ಏಡಿಯಾಗಿಯೇ ಬರುತ್ತದೆ. ಇಷ್ಟು ಗುಣವಂತ ಮಿಡತೆಗೆ ಮಾತ್ರ ಏಕೆ ಈ ಪರ್ದಾ? ನಾಚಿಕೆ ಅದಕ್ಕೋ, ಮಾರುವವರಿಗೋ?

ಆದ್ದರಿಂದ ಬಾಳೆಹಣ್ಣಿನಷ್ಟೇ ದೊಡ್ಡದಾಗಿ ಮಿಡತೆಯ ಚಿತ್ರ ಹಾಕಿಸಿ. ಮೀಸೆ ಸಮೇತ. ಕೆಳಗೆ, ಕೊಳ್ಳುವವರು ಓದಬಲ್ಲ ಭಾಷೆಗಳಲ್ಲಿ, "ಸಿಗಡಿ ಆಗದ ಮನೆಯವರು ಮೊದಲು ಡಾಕ್ಟರನ್ನು ಕೇಳಿ" ಎಂದು ಬರೆಸಿ. ಅಲ್ಲಿಯವರೆಗೆ ಆ ಮುದ್ರೆ ತಮ್ಮ ಮೇಜಿನ ಡ್ರಾಯರಿನಲ್ಲೇ ಇರಲಿ.

ರಜೆ ಮುಗಿಸಿ ಊರಿನಿಂದ ಬರುವ ನಮ್ಮೂರಿನ ಹೆಂಗಸು ಫಿಡೆಲಿಸ್ ಬಾಯಿಯ ಕೈಯಲ್ಲಿ ಅತ್ತೆ ಮತ್ತೆ ರಾಗಿ ಕಳಿಸುತ್ತಿದ್ದಾರೆ. ಈ ಸಲ ಬಿಸಾಡುವುದಿಲ್ಲ, ಸೋಸುತ್ತೇನೆ. ಅದರ ಹುಳಗಳಾದರೂ ಕಣ್ಣಿಗೆ ಕಾಣುತ್ತವೆ.

ಇಂತಿ,
ಎರಡು ಹುಳಕ್ಕೆ ಹೆದರಿ ಒಂದು ಡಬ್ಬಿ ಹುಳ ಕೊಂಡ
ವೆಲಿಟಾ, ಶೆಲ್ಡನ್‌ನ ತಾಯಿ