ಆಸ್ಪತ್ರೆಯ ಗೇಟಿನವರೆಗೆ ಓಡಿದ ಇಂಜಿನ್

ಪ್ರೀತಿಯ ಅಪ್ಪನಿಗೆ,

ನೀವು ಬೇಡವೆಂದರೂ ಹಟ ಹಿಡಿದು ಕೊಂಡೆನಲ್ಲ, ಆ ಹಳೆಯ ಕಾರಿನ ಇಂಜಿನ್ ಹೋಯಿತು. ಗಾಬರಿಯಾಗಬೇಡಿ, ನಾನು ಚೆನ್ನಾಗಿದ್ದೇನೆ.

ಮಂಗಳವಾರ ಪಕ್ಕದ ಮನೆಯ ಟೈಲರಮ್ಮನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿಕೊಂಡಿತು. ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಸದ್ದು. ಆ ದೀಪ ಹತ್ತಿದರೆ ತಕ್ಷಣ ಗಾಡಿ ನಿಲ್ಲಿಸಬೇಕೆಂದು ನೀವೇ ಕಲಿಸಿದ್ದಿರಿ. ನಾನು ನಿಲ್ಲಿಸಲಿಲ್ಲ. ಆಸ್ಪತ್ರೆಯ ಗೇಟು ದಾಟಿದ ಮೇಲೆಯೇ ಅದು ನಿಂತಿದ್ದು. ತಾಯಿ, ಮಗು ಇಬ್ಬರೂ ಕ್ಷೇಮ.

ನಿನ್ನೆ ಮೆಕ್ಯಾನಿಕ್ ಇಂಜಿನ್ ಬಿಚ್ಚಿ ತೋರಿಸಿದರು. ಒಂದು ತೊಟ್ಟು ಆಯಿಲ್ ಇರಲಿಲ್ಲ. ಬೇರಿಂಗುಗಳು ಕಾಗದದಷ್ಟು ತೆಳ್ಳಗೆ ಸವೆದಿದ್ದವು, ಒಂದು ಪಿಸ್ಟನ್ ಸೀಳಿಹೋಗಿತ್ತು. ಅವರು ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟರು.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಕಣಮ್ಮ. ಇದು ಒಂದು ಕಿಲೋಮೀಟರೂ ಓಡಬಾರದಿತ್ತು. ಆರು ಕಿಲೋಮೀಟರ್ ಹೇಗೆ ಓಡ್ತು ಅಂತ ನನ್ನ ಕೇಳಬೇಡ."

ಆ ಸುಟ್ಟ ಲೋಹವನ್ನು ಮುಟ್ಟಿದಾಗ ಮೈ ಜುಮ್ಮೆಂದಿತು.

ಗುಜರಿಗೆ ಹಾಕಿಬಿಡಿ ಎನ್ನಲೆಂದೇ ಹೋಗಿದ್ದೆ. ಬೇರೆ ಇಂಜಿನ್ ಕೂರಿಸಿ ಎಂದು ಹೇಳಿ ಬಂದೆ. ಅಪಘಾತದಲ್ಲಿ ಜಜ್ಜಿಹೋದ ಅದೇ ಮಾದರಿಯ ಕಾರಿನದೊಂದು ಸಿಕ್ಕಿದೆಯಂತೆ. ಇಷ್ಟು ವರ್ಷ ಲಾರಿ ಓಡಿಸಿದ ನಿಮಗೆ ಸದ್ದು ಕೇಳಿದರೆ ಸಾಕು, ಅದರ ಗುಣ ತಿಳಿಯುತ್ತದೆ. ಭಾನುವಾರ ಬಂದು ಒಮ್ಮೆ ಕೇಳಿ ಹೇಳಿ. ಬೈಯುವುದಿದ್ದರೆ ಬೈಯಿರಿ ಅಪ್ಪ, ಆದರೆ ಬಂದು ಬೈಯಿರಿ.

ಇಂತಿ,
ನಿಮ್ಮ ಮಾತು ಕೇಳದ ಮಗಳು