ತಡಿಕೆಯ ಆಚೆ ಕಡೆಯ ಕಾಯಿ

ತುಮಕೂರು
ಶುಕ್ರವಾರ, ಸಂಜೆ

ಮಗಳೇ ಪ್ರಮೀಳಾ,

ಮೊದಲು ಆಶೀರ್ವಾದ, ಆಮೇಲೆ ಜಗಳ.

ಅದಲ್ಲ, ನಿನ್ನ ಮಗಳ ಮೈಮೇಲೆ ಬಂದಿದೆ ಅನ್ನುವ ದೆವ್ವಕ್ಕೆ ಅಷ್ಟು ವಿವೇಚನೆ ಇರುತ್ತದೆಯೇ ಅಂತ ನಾನು ಕೇಳಿದ್ದು. ನಿನ್ನೆ ಫೋನಿನಲ್ಲಿ ಅಷ್ಟು ಹೇಳುವುದರೊಳಗೆ ಅಳಿಯ ಗಂಗಾಧರ್ "ಮಾವ, ನೀವು ಇದ್ರಲ್ಲಿ ತಲೆ ಹಾಕ್ಬೇಡಿ" ಎಂದು ಗದರಿದರು, ನೀನು ಅಳುತ್ತಾ ಇಟ್ಟುಬಿಟ್ಟೆ. ಅವರು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿರುತ್ತಾರೆ. ಕಾಗದವನ್ನು ಸ್ಪೀಕರಿಗೆ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆ ಕರಿಸಿದ್ದಪ್ಪ ನಾಳೆ ಗುಬ್ಬಿಗೆ ಬರುತ್ತಾನೆ, ನಿನ್ನ ಕೈಗೇ ಕೊಡು ಎಂದಿದ್ದೇನೆ.

ಭಾನುವಾರ ನೀವಿಬ್ಬರೂ ಇಲ್ಲಿಗೆ ಬಂದು ನನ್ನ ಮೊಮ್ಮಗಳು ಮಾನಸಾಳನ್ನು ಕರೆದುಕೊಂಡು ಹೋಗಿ, ಆ ಮಂತ್ರ ಹಾಕುವವನಿಗೆ ಇನ್ನೊಂದು ಸಲ ತೋರಿಸಿ, ಕುಣಿಗಲ್ಲಿನ ಹುಡುಗನ ಜೊತೆ ನಿಶ್ಚಿತಾರ್ಥ ಮುಗಿಸುವುದು ಅಂತ ನಿಮ್ಮ ತೀರ್ಮಾನ. ನನ್ನದನ್ನೂ ಕೇಳು. ಹುಡುಗಿ ಬರುವುದಿಲ್ಲ. ಐ ಆಬ್ಜೆಕ್ಟ್, ಯುವರ್ ಆನರ್. ಕಾಲೇಜಿನಲ್ಲಿ ಡಿಬೇಟಿಗೆ ನಿಂತಾಗ ಇದೊಂದು ವಾಕ್ಯ ಹೇಳಿ ಮುಂದಿನದು ಮರೆತು ಕೂತಿದ್ದೆ. ಇವತ್ತು ಕೂರುವುದಿಲ್ಲ.

ಆ ದಿನ ನೀನು ಗಾಬರಿಯಿಂದ ಕರೆಸಿಕೊಂಡೆಯಲ್ಲ, ನಾನು ಬಂದಾಗ ನಿಮ್ಮ ಅಂಗಳ ತುಂಬ ಮಾನಸಾ ಸೀಳಿ ಎಸೆದ ಕಾಯಿ. ಅಟ್ಟದಲ್ಲಿ ವರ್ಷವಿಡೀ ಮಲಗಿ, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಲೊಡಲೊಡ ಅನ್ನಬೇಕಾದ ಕಾಯಿ. ಅರ್ಧಕ್ಕೇ ಮಚ್ಚು ಬಿದ್ದು, ಇತ್ತ ಕೊಬ್ಬರಿಯೂ ಅಲ್ಲ ಅತ್ತ ತೆಂಗಿನಕಾಯಿಯೂ ಅಲ್ಲ ಎಂಬಂತೆ ಬಿದ್ದಿದ್ದವು. ಮೂಲೆಯಲ್ಲಿ ಮಾನಸಾ, ಕೈಯಲ್ಲಿ ಕಪ್ಪು ದಾರ, ಹಣೆಯ ತುಂಬ ಕುಂಕುಮ. ಊರಿನವರೆಲ್ಲ ಅಂಗಳ ನೋಡಿ ಲೊಚಗುಟ್ಟಿದರು. ಅಟ್ಟ ನೋಡಿದವರು ಯಾರು? ಒಬ್ಬರೂ ಇಲ್ಲ. "ಈ ವಯಸ್ನಲ್ಲಿ ಏಣಿ ಯಾಕಪ್ಪ, ಬಿದ್ದುಗಿದ್ದೀಯ" ಎಂದು ನೀನು ಪಂಚೆ ಹಿಡಿದು ಎಳೆದೆ. ಮೊಣಕಾಲು ಬಾಯಿಬಾಯಿ ಬಡಿದುಕೊಂಡಿತು ನಿಜ. ಆದರೂ ಹತ್ತಿದೆ.

ನಿಮ್ಮ ಮನೆತನದ ಪದ್ಧತಿ ನಿನಗೆ ಹೇಳಬೇಕೇ? ಹುಡುಗಿಯ ಮುಖ ನೋಡಿ ಮದುವೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಅಟ್ಟದಲ್ಲಿ ಬಿದಿರಿನ ತಡಿಕೆ ಅಡ್ಡ ಕಟ್ಟಿ, ಅವಳ ಮದುವೆಯ ಖರ್ಚಿಗೆಂದು ಒಂದು ರಾಶಿ ಬೇರೆ ಹಾಕುತ್ತೀರಿ. ತಡಿಕೆ ನೋಡಿದ ಹುಡುಗಿ ತಾನೇ ಅರ್ಥ ಮಾಡಿಕೊಳ್ಳಬೇಕು. ಆ ರಾಶಿ ಒಣಗಿ ಗಿಟುಕಾದ ತಿಂಗಳಲ್ಲೇ ಮದುವೆ.

ಪ್ರಮೀಳಾ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ತಡಿಕೆಯ ಈಚೆಗೆ, ಅವಳ ಮದುವೆಯ ರಾಶಿಯಲ್ಲಿ, ಒಂದೇ ಒಂದು ಕಾಯಿ ಉಳಿದಿರಲಿಲ್ಲ. ಆಚೆ, ಮನೆಯ ರಾಶಿ, ಜೋಡಿಸಿದ ಹಾಗೇ ಇತ್ತು. ಧೂಳು ಸಹ ಕದಲಿರಲಿಲ್ಲ! ಮೈಮೇಲೆ ದೆವ್ವ ಬಂದವಳು ಕತ್ತಲ ಅಟ್ಟದಲ್ಲಿ ತಡಿಕೆ ನೋಡಿ, ಇದು ನನ್ನದು, ಇದು ಅಪ್ಪನದು ಅಂತ ವಿಂಗಡಿಸುತ್ತಾಳಾ? ನಮ್ಮ ಲಾಜಿಕ್ ಮೇಷ್ಟರು ಇದಕ್ಕೆ ಏನೋ ಒಂದು ಹೆಸರು ಹೇಳುತ್ತಿದ್ದರು, ಇಂಡಕ್ಷನ್ನೋ ಡಿಡಕ್ಷನ್ನೋ. ಹೆಸರು ಹಾಳಾಗಲಿ. ಹುಚ್ಚಲ್ಲ, ಅದು ನಿಮ್ಮ ತಡಿಕೆಗೆ ಅವಳ ಉತ್ತರ.

ಕೆಳಗಿಳಿದು ಅವಳ ಪಕ್ಕ ಕೂತೆ. "ತಡಿಕೆ ಆಚೆ ಯಾಕ್ ಮುಟ್ಲಿಲ್ಲ ಕಣೇ?" ಅಂದೆ. ನನ್ನ ಭುಜಕ್ಕೆ ತಲೆ ಕೊಟ್ಟು ಅತ್ತಳು. "ಅದು ಮನೇದು ತಾತ, ಅದನ್ನ ಯಾಕೆ ಹಾಳ್ ಮಾಡ್ಲಿ? ಕೆಲ್ಸಕ್ಕೆ ಹೋಗ್ತೀನಿ ಅಂತ ಬಾಯಲ್ಲಿ ಹೇಳ್ದೆ. ಅತ್ಕೊಂಡು ಹೇಳ್ದೆ. ಊಟ ಬಿಟ್ಟು ಹೇಳ್ದೆ. ಅಮ್ಮ 'ಎಲ್ಲಾ ಸರಿಹೋಗ್ತದೆ ಬುಡು' ಅಂದ್ರು. ಅಪ್ಪ ಟೀವಿ ಸೌಂಡ್ ಜಾಸ್ತಿ ಮಾಡಿದ್ರು. ಕಾಯಿ ಇಲ್ದಿದ್ರೆ ಮದ್ವೆ ಇಲ್ಲ ಅಂದ್ಕೊಂಡೆ. ಮಚ್ಚು ಕಾಯಿ ಮೇಲೆ ಬೀಳ್ತಾ ಇತ್ತು, ಒಳಗೆ ಏನೇನೋ ಬರ್ತಿತ್ತು. ಆ ಸಿಟ್ಟು ನನ್ನ ಮೇಲೇ ತಿರುಗಿದ್ರೆ ಏನ್ ಮಾಡ್ತಿದ್ದೆ ತಾತ?"

ಈ ಕೊನೆಯ ಮಾತನ್ನು ಇನ್ನೊಂದು ಸಲ ಓದು. "ಅವಳು ಏನೂ ಹೇಳ್ಲೇ ಇಲ್ಲ ಅಪ್ಪ" ಅಂತ ನೀನು ಎಲ್ಲರಿಗೂ ಹೇಳುತ್ತಿದ್ದೀಯ. ಹೇಳಿದ್ದಾಳೆ ಕಣವ್ವ. ಕೇಳುವವರು ಸಿಗಲಿಲ್ಲ. ಡಿಪ್ಲೊಮಾ ಓದಿಸಿದಿರಿ, ಊರಿಗೆಲ್ಲ ಹೇಳಿಕೊಂಡು ಮೆರೆದಿರಿ. ಅವಳು ಅದನ್ನು ನಿಜ ಅಂತ ನಂಬಿದಳು.

ಆ ದಾರ ಬಿಚ್ಚಿ ಅವಳನ್ನು ಇಲ್ಲಿಗೆ ಕರೆತಂದ ಮೇಲೆ ಮೊದಲ ದಿನಗಳಲ್ಲಿ ಗೋಡೆ ನೋಡುತ್ತಾ ಮಲಗುತ್ತಿದ್ದಳು. ನಿನ್ನ ಅಮ್ಮ ಪುಟ್ಟತಾಯಮ್ಮ ಇದ್ದಿದ್ದರೆ ತಲೆ ಸವರಿ ಎಬ್ಬಿಸುತ್ತಿದ್ದಳು. ನನಗೆ ಬರುವುದು ಮಾತೊಂದೇ, ಮಾತಾಡಿದೆ. ಸರ್ಕಾರಿ ಆಸ್ಪತ್ರೆಯ ಮನಸ್ಸಿನ ಡಾಕ್ಟರಮ್ಮನ ಹತ್ತಿರವೂ ಕರೆದೊಯ್ದೆ. ಅವರೂ ಕೇಳಿದರು, ಅವಳೂ ಮಾತಾಡಿದಳು. ಈಗ ಸಾಲು ಸಾಲು ತಪ್ಪು ಹುಡುಕಿ ನನ್ನ ಇಂಗ್ಲಿಷನ್ನು ಆಡಿಕೊಳ್ಳುವಷ್ಟು ಚುರುಕಾಗಿದ್ದಾಳೆ.

ಈಗ ಕೇಳು. ಇವತ್ತು ಮಧ್ಯಾಹ್ನ ಗೇಟಿನಿಂದಲೇ ಕೂಗು: "ತಾತಾ, ಆಯ್ತು!"

"ಏನಾಯ್ತೇ?"

"ಕೆಲ್ಸ ಆಯ್ತು ಕಣೋ ತಾತ! ವಸಂತನರಸಾಪುರದ ಫ್ಯಾಕ್ಟರೀಲಿ, ಸೋಮವಾರದಿಂದ! ಕಂಪನಿ ಬಸ್ಸು ನಮ್ಮ ಸರ್ಕಲ್ಲಿಗೇ ಬರ್ತದೆ!"

ಇಂಟರ್‌ವ್ಯೂನಲ್ಲಿ ಇಂಗ್ಲಿಷಿನಲ್ಲಿ ಮಾತಾಡು ಅಂದರಂತೆ. "ನಿಂದೇ ಡೈಲಾಗ್ ಹೊಡ್ದೆ ತಾತ. 'ಐ ಆಮ್ ವೆರಿ ಮಚ್ ಪ್ಲೀಸ್ಡ್ ಟು ಸ್ಟ್ಯಾಂಡ್ ಬಿಫೋರ್ ಯು' ಅಂದೆ. ಎಲ್ರೂ ನಕ್ಬಿಟ್ರು. ಆಮೇಲೆ ಮೆಷಿನ್ ಮುಂದೆ ನಿಲ್ಲಿಸಿದ್ರು, ಆಗ ಯಾರೂ ನಗಲಿಲ್ಲ." ಹಾಗಂದು ಎರಡು ಮುದ್ದೆ, ಬಸ್ಸಾರು, ಮೇಲೆ ನನ್ನ ತಟ್ಟೆಯ ಹಪ್ಪಳವನ್ನೂ ತಿಂದಳು. ವಿಕ್ಟರಿ, ಪ್ರಮೀಳಾ, ಕಂಪ್ಲೀಟ್ ಅಂಡ್ ಅಟರ್ ವಿಕ್ಟರಿ!

ಭಾನುವಾರ ಬಾ, ಬೇಡ ಅನ್ನುವುದಿಲ್ಲ. ಕರೆದೊಯ್ಯಲು ಬರಬೇಡ, ನೋಡಲು ಬಾ. ಅವಳು ಮಾತಾಡುವಾಗ ಪೂರ್ತಿ ಕೇಳು, ಮಧ್ಯೆ "ಬುಡು" ಅನ್ನಬೇಡ. ಗಂಗಾಧರ್ ಕೂಗಾಡಿದರೆ ನನ್ನ ಮೇಲೆ ಕೂಗಾಡಲಿ, ನನಗೆ ಹೇಗೂ ಒಂದು ಕಿವಿ ಮಂದ. ಇನ್ನೂ ಏನೋ ಬರೆಯುವುದಿತ್ತು... ಪಡಸಾಲೆಯಲ್ಲಿ ಬೆಳಕು ಕಮ್ಮಿಯಾಯಿತು, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಸಾಕು.

ಇಂತಿ ನಿನ್ನ ಮೊಂಡ ಅಪ್ಪ,
ಅಣ್ಣಯ್ಯಪ್ಪ

ಮರೆತಿದ್ದೆ (ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ): ನಿನ್ನೆ ಫೋನ್ ಮಾಡುವ ಮೊದಲೇ ಕುಣಿಗಲ್ಲಿಗೆ ಹೋಗಿ ಹುಡುಗನ ಅಜ್ಜಿ ದೊಡ್ಡಗಂಗಮ್ಮನವರಿಗೆ ಎಲ್ಲವನ್ನೂ ಹೇಳಿ ಬಂದೆ. "ಹುಡ್ಗಿ ಒಪ್ಪವ್ಳೆ ಅಂದಿದ್ರಲ್ಲ ನಿಮ್ಮಳಿಯ! ಒಲ್ಲೆ ಅನ್ನೋಳ್ನ ತಂದು ನನ್ ಮೊಮ್ಮಗ ಬಾಳೋದುಂಟಾ? ಈ ಸಂಬಂಧ ಇಲ್ಲಿಗೇ ಬುಡಿ" ಅಂದು ಕಾಫಿ ಕೊಟ್ಟು ಕಳಿಸಿದರು. ಇವತ್ತು ಕೆಲಸ ಸಿಕ್ಕಿದ ಸುದ್ದಿಯನ್ನು ಫೋನ್ ಮಾಡಿ ಮೊದಲು ಅವರಿಗೇ ತಿಳಿಸಿದೆ. ಅಂಥಾ ಹುಡುಗಿಯನ್ನು ಒಂದು ಸಲ ನೋಡಲೇಬೇಕು ಅಂತ ಭಾನುವಾರ ಅವರೂ ಬರುತ್ತಿದ್ದಾರೆ. ಅಡುಗೆ ಜಾಸ್ತಿಯಾಗುತ್ತದೆ, ಬೇಗ ಬಾ.